ನಾಯಿಮೂಳೆಯ ದೂರು

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವೇ ಊಟ. ಗಾದೆ ಹೀಗಿಲ್ಲವೆಂದು ತಕರಾರು ತೆಗೆಯುವವರು ಇಲೊಯಿಲೊ ಪಟ್ಟಣದ ಕೋರ್ಟಿನ ಎದುರು ಬೀದಿಯಲ್ಲಿ ಒಮ್ಮೆ ಓಡಾಡಿ ಬರಲಿ. ಅಲ್ಲಿ ಮಧ್ಯಾಹ್ನದ ಅನ್ನ ಬೇಯುವುದೇ ಬೇರೆಯವರ ಜಗಳದ ಉರಿಯಲ್ಲಿ. ಈಗ ಹೇಳುವುದು ನಡೆದ ಕತೆ. ಕಟ್ಟುಕತೆಯಾಗಿದ್ದರೆ ಎಲ್ಲರಿಗಿಂತ ಹೆಚ್ಚು ಸಂತೋಷಪಡುತ್ತಿದ್ದವನು ಎಲಿಸಿಯೊ.

ಎಲಿಸಿಯೊ ಕಾನೂನು ಓದಿ, ವಕೀಲಿ ಪರೀಕ್ಷೆ ಬರೆದು, ಫಲಿತಾಂಶ ಬರುವ ತನಕ ಹೆಚನೋವಾ ವಕೀಲರ ಕಚೇರಿಯಲ್ಲಿ ದೂರು ಬರೆಯಲು ಕೂತಿದ್ದ. ಆದರೆ ಅವನು ಊರಿಗೆ ಬೇಕಾದವನಾಗಿದ್ದು ಬರವಣಿಗೆಯಿಂದಲ್ಲ, ದನಿಯಿಂದ. ಪಾದ್ರಿಯ ಕೆಮ್ಮು, ಜೀಪ್ನಿ ಬಸ್ಸಿನ ಡ್ರೈವರನ ಬೈಗುಳ, ಮೇಯರರ ಹೆಂಡತಿಯ ಬಿಕ್ಕಳಿಕೆ ಎಲ್ಲವೂ ಅವನ ಗಂಟಲಲ್ಲಿ ಬಾಡಿಗೆಗಿದ್ದವು. ಎಲ್ಲಕ್ಕಿಂತ ಪ್ರಸಿದ್ಧವಾದದ್ದು ದೊಡ್ಡ ಜಡ್ಜರ ದನಿ. ಅದು ಮೂಗಿನಿಂದ ಹೊರಟು, ಗಂಟಲಲ್ಲಿ ವಾಯಿದೆ ಪಡೆದು, ಬಾಯಿಗೆ ಬರುವಷ್ಟರಲ್ಲಿ ಕಕ್ಷಿದಾರನಿಗೆ ನಿದ್ದೆ ಬಂದಿರುತ್ತಿತ್ತು.

ಹೆಚನೋವಾ ವಕೀಲರಿಗೆ ಈ ವಿದ್ಯೆಯ ಬಗ್ಗೆ ಗೌರವವಿರಲಿಲ್ಲ. “ದೂರು ಅಂದ್ರೆ ನೀರಿನ ಲೋಟ ಇದ್ದಂಗೆ ಕಣೋ, ತಳ ಕಾಣ್ಬೇಕು. ಯಾರು, ಯಾವಾಗ, ಎಲ್ಲಿ, ಏನು ಮಾಡಿದ್ರು, ನಿನಗೇನು ಬೇಕು. ಉಳಿದಿದ್ದನ್ನ ನಿನ್ನ ಮದುವೆ ಭಾಷಣಕ್ಕೆ ಇಟ್ಕೊ” ಎನ್ನುತ್ತಿದ್ದರು.

ಅವರು ಮನಿಲಾಕ್ಕೆ ಹೋಗಿದ್ದ ವಾರ ಮನಾಂಗ್ ಪುರಿಂಗ್ ಬಂದಳು. ಪೇಟೆಯಲ್ಲಿ ಬಾಚೊಯ್ ಅಂಗಡಿ ಅವಳದು. ಕರುಳು, ಈಲಿ, ಶ್ಯಾವಿಗೆ ಹಾಕಿ, ಮೂಳೆ ಕುದಿಸಿದ ಸಾರು ಹೊಯ್ದು ಕೊಡುವ ಬಟ್ಟಲು. ಎಲಿಸಿಯೊ ಕಾಲೇಜಿಗೆ ಹೋಗುವಾಗಿನಿಂದ ಅವಳನ್ನು ಮನಾಂಗ್, ಅಂದರೆ ಅಕ್ಕ, ಎಂದೇ ಕರೆಯುತ್ತಿದ್ದ. ಅವಳೂ ಊರಿನ ಎಲ್ಲ ಹುಡುಗರಿಗೆ ಅನ್ನುವಂತೆ ಅವನನ್ನು “ತೊತೊ” ಎಂದು ಕರೆದು, ಬಟ್ಟಲಿನ ತಳದಲ್ಲಿ ಕಾಣದಂತೆ ಒಂದು ನೆಣದ ಮೂಳೆ ಹಾಕಿರುತ್ತಿದ್ದಳು.

“ತೊತೊ, ಲುಮೆನ್ ನನ್ನ ಸಾರಿಗೆ ಏನೋ ಅಂದ್ಲು, ಅವಳ ಮೇಲೆ ದೂರು ಬರ್ಕೊಡು.”

ಲುಮೆನ್ ಅದೇ ಸಾಲಿನ ಇನ್ನೊಂದು ಬಾಚೊಯ್ ಅಂಗಡಿಯವಳು.

“ಏನಂದ್ಲು ಮನಾಂಗ್?”

“ಅದು ನನ್ನ ಬಾಯಲ್ಲಿ ಬರಲ್ಲಪ್ಪಾ. ಅವತ್ತಿಂದ ನನ್ನ ಬೆಂಚು ಖಾಲಿ ಹೊಡೀತಿದೆ. ಜನ ಬಂದು ಮೂಸಿ ನೋಡಿ ಹೋಗ್ತಾರೆ. ಹಿಂಗೇ ಆದ್ರೆ ಅಂಗಡಿ ಮುಚ್ಚಬೇಕು.”

ಎಲಿಸಿಯೊ ಸೊಂಟಕ್ಕೆ ಕೈಯಿಟ್ಟು ಥೇಟ್ ಲುಮೆನ್ ದನಿಯಲ್ಲಿ, “ಏನೇ ಪುರಿಂಗ್, ಹೇಳೇ, ನಾನೇನಂದೆ?” ಎಂದ. ಪುರಿಂಗ್ ಅಳುಮುಖದಲ್ಲೇ ಕಿಸಕ್ಕನೆ ನಕ್ಕು, ಅವನ ಕಿವಿಗೆ ಬಾಗಿ ಪಿಸುಗುಟ್ಟಿದಳು. ಪುರಿಂಗಳ ಸಾರಿನಲ್ಲಿ ಬೇಯುವುದು ಬೀದಿನಾಯಿಯ ಮೂಳೆಯೆಂದು ಲುಮೆನ್ ಶನಿವಾರ ಬೆಳಿಗ್ಗೆ ಪೇಟೆಯ ಮಧ್ಯೆ, ಕಟುಕ ತಸ್ಯೊನ ಮಾಂಸದ ಅಂಗಡಿ ಮುಂದೆ, ಅವನಿಗೂ ಕೇಳುವಂತೆ ಹೇಳಿದ್ದಳು.

ಆ ಊರಲ್ಲಿ ನೆರೆಯವರ ಜಗಳ ನೆಟ್ಟಗೆ ಕೋರ್ಟು ಹತ್ತುವಂತಿಲ್ಲ. ಮೊದಲು ಕಪಿತಾನನ, ಅಂದರೆ ಕೇರಿಯ ಮುಖಂಡನ, ಮುಂದೆ ಇಬ್ಬರೂ ಕೂತು ಮಾತಾಡಬೇಕು. ಅಲ್ಲಿ ವಕೀಲರು ಬಾಯಿ ತೆಗೆಯುವಂತಿಲ್ಲ, ದೂರುದಾರರೇ ಹೇಳಿಕೊಳ್ಳಬೇಕು. ಮುಗಿಯದಿದ್ದರೆ ಮಾತ್ರ ಕಪಿತಾನ ಕೋರ್ಟಿಗೆ ಚೀಟಿ ಕೊಡುತ್ತಾನೆ. ಜಗಳ ತೀರಿತೆಂದು ಒಮ್ಮೆ ಸಹಿ ಬಿದ್ದರೆ ಕೋರ್ಟಿನ ಬಾಗಿಲು ಮುಚ್ಚಿದಂತೆಯೇ.

ಕೋರ್ಟಿನ ಹಿಂದಿನ ಕ್ಯಾಂಟೀನಿನಲ್ಲಿ ಗುಮಾಸ್ತ ಬೊಯೆಟ್ ಇದನ್ನು ಕೇಳಿ ಮೇಜು ಕುಟ್ಟಿದ. “ಜಡ್ಜರ ದನೀಲಿ ದೂರು ಬರಿಯೋ. ಆಯಮ್ಮ ಅದನ್ನ ಕಪಿತಾನನ ಮುಂದೆ ಒಪ್ಪಿಸ್ಲಿ. ನಾವು ಬಂದು ನೋಡ್ತೀವಿ.”

“ಪಾಪ ಕಣೋ.”

“ಪಾಪ ಅಂತೆ! ಕೈಲಾಗಲ್ಲ ಅನ್ನು.”

ಕೈಲಾಗದು ಎಂಬ ಮಾತು ಎಲಿಸಿಯೊನಿಗೆ ಆಗಿಬರುತ್ತಿರಲಿಲ್ಲ. ಆ ಸಂಜೆ ಬರೆಯುತ್ತಾ ಬರೆಯುತ್ತಾ ಅವನಿಗೇ ನಗು ಉಕ್ಕಿತು. ನಾಯಿಮೂಳೆ ಎಂಬ ಶಬ್ದ ಆ ಗಂಭೀರ ಶೈಲಿಗೆ ಒಗ್ಗಲಿಲ್ಲ, ಬಿಟ್ಟ. ಮರುದಿನ ಪುರಿಂಗಳಿಗೆ ಓದಿ ಹೇಳಿ, “ಬಲಗೈ ಎತ್ಕೊಂಡೇ ಹೇಳ್ಬೇಕು ಮನಾಂಗ್, ಕಾನೂನು ಹಂಗಿದೆ” ಎಂದ.

“ಅರ್ಥ ಆಗ್ಲಿಲ್ಲ ತೊತೊ. ಆದ್ರೆ ಎಷ್ಟು ಚೆನ್ನಾಗಿದೆ! ಓದಿದೋನು ಅಂದ್ರೆ ಓದಿದೋನೇ” ಎಂದಳು ಅವಳು. ಸಾರು ತಿರುವುತ್ತಾ ಅದನ್ನು ಬಾಯಿಪಾಠ ಮಾಡುವುದನ್ನು ಅವನು ದಾರಿಯಲ್ಲಿ ಹೋಗುವಾಗ ಕಂಡ. ಅವಳು ಕರೆಯುವ ಮೊದಲೇ ಮುಖ ತಿರುಗಿಸಿ ಬೇಗ ದಾಟಿಹೋದ.

ಕಪಿತಾನನ ಕಚೇರಿ ಬಾಸ್ಕೆಟ್‌ಬಾಲ್ ಅಂಗಳದ ಪಕ್ಕದಲ್ಲಿತ್ತು. ದೂರು ಇದ್ದ ದಿನ ಜನ ದೂರ ಇರುತ್ತಿರಲಿಲ್ಲ. ಪ್ಲಾಸ್ಟಿಕ್ ಕುರ್ಚಿ ಸಾಲದೆ ಕಿಟಕಿಗೂ ತಲೆಗಳು ಅಂಟಿದ್ದವು. ಬೊಯೆಟ್ ಮುಂದಿನ ಸಾಲಿನಲ್ಲಿ ಕೂತಿದ್ದ, ಎಲಿಸಿಯೊ ಬಾಗಿಲಿಗೆ ಒರಗಿದ್ದ. ಪುರಿಂಗ್ ಚರ್ಚಿಗೆ ಉಡುವ ಉಡುಪಿನಲ್ಲಿ ಬಂದಳು. ಬಾಗಿಲಲ್ಲಿ ಅವನ ತೋಳು ಮುಟ್ಟಿ, “ನೀನಿದೀಯಲ್ಲ, ಧೈರ್ಯ” ಎಂದು ಒಳಗೆ ಹೋದಳು.

ಕಪಿತಾನ ಹೇಳು ಎಂದ. ಪುರಿಂಗ್ ಎದ್ದಳು, ಬಲಗೈ ಎತ್ತಿದಳು, ಕಣ್ಣು ಮುಚ್ಚಿದಳು.

“ಸದರಿ ಅರ್ಜಿದಾರಳಾದ ನಾನು, ಪರಮ ವಿನಯಪೂರ್ವಕವಾಗಿ, ನನ್ನ ಸಾರಿನ ಸಾರ್ವಭೌಮತೆಗೂ ಮೂಳೆಗಳ ಮೂಲಭೂತ ಹಕ್ಕಿಗೂ, ಸದರಿ ಎದುರುದಾರಳ ನಾಲಿಗೆಯ ತುದಿಯಿಂದ ಉದ್ಭವಿಸಿದ ಅನಿರ್ವಚನೀಯ ಆಘಾತದ ಪ್ರಯುಕ್ತ...”

ಮೊದಲು ಒಂದು ಕಿಟಕಿ ನಕ್ಕಿತು. ಆಮೇಲೆ ಗೋಡೆಗಳೇ ನಕ್ಕವು. ಜನ ನಗುತ್ತಿರುವುದು ಲುಮೆನ್‌ಳನ್ನು ಕಂಡು ಎಂದುಕೊಂಡು ಪುರಿಂಗ್ ಇನ್ನಷ್ಟು ಗಟ್ಟಿಯಾಗಿ, ತಪ್ಪಿಲ್ಲದೆ, ಕೊನೆಯವರೆಗೂ ಒಪ್ಪಿಸಿದಳು.

ಲುಮೆನ್ ಮೆಲ್ಲಗೆ ಎದ್ದಳು. ಇಲೊಯಿಲೊ ಜನ ಬೈದರೂ ಜೋಗುಳ ಹಾಡಿದಂತೆ ಇರುತ್ತದೆ. “ಅಲ್ಲಾ ಕಪಿತಾನ್, ಇಷ್ಟುದ್ದ ಹಾಡು ಹಾಡಿದ್ಲಲ್ಲಾ, ಇದ್ರಲ್ಲಿ ನಾನೇನಂದೆ ಅಂತ ಎಲ್ಲಿದೆ? ಏನಂದೆ ಅಂತ್ಲೇ ಇಲ್ದಿದ್ರೆ ನಾನು ಹೌದು ಅನ್ಲಾ, ಅಲ್ಲ ಅನ್ಲಾ?”

“ಹೌದಲ್ಲ ಪುರಿಂಗ್, ಅವಳೇನಂದ್ಲು?” ಎಂದ ಕಪಿತಾನ.

ಪುರಿಂಗ್ ಬಾಗಿಲ ಕಡೆ ತಿರುಗಿದಳು. “ತೊತೊ, ನೀನು ಅದನ್ನೂ ಬರ್ದಿದೀಯಲ್ಲ? ಎಲ್ಲಿ ಬರುತ್ತೆ ಅದು?”

ಅಷ್ಟರಲ್ಲಿ ಅವಳ ಕಣ್ಣು ಕರವಸ್ತ್ರ ಕಚ್ಚಿಕೊಂಡು ಅಲುಗಾಡುತ್ತಿದ್ದ ಬೊಯೆಟ್ ಮೇಲೆ ಬಿತ್ತು. ಅಲ್ಲಿಂದ ಎಲಿಸಿಯೊ ಮುಖಕ್ಕೆ ಬಂತು. ಆವರೆಗೆ ಎತ್ತಿಯೇ ಇದ್ದ ಬಲಗೈಯನ್ನು ಇಳಿಸಿ, ಒದ್ದೆಯಾದದ್ದನ್ನು ಒರೆಸುವಂತೆ ಲಂಗಕ್ಕೆ ಒರೆಸಿಕೊಂಡಳು.

“ಹಂಗಾದ್ರೆ ಜಗಳ ಇಲ್ಲ ಅಂತ ಬರೀತೀನಿ. ಇಬ್ರೂ ಸಹಿ ಹಾಕಿ ಮನೆಗೆ ಹೋಗಿ” ಎಂದು ಕಪಿತಾನ ಪೆನ್ನಿನ ಮುಚ್ಚಳ ತೆಗೆದ. ಪುರಿಂಗ್ ಪೆನ್ನಿಗೆ ಕೈ ಚಾಚಿದಳು. ಅಲ್ಲಿಂದ ಬೇಗ ಹೋದರೆ ಸಾಕಾಗಿತ್ತು ಅವಳಿಗೆ.

ಎಲಿಸಿಯೊನ ಕಿವಿಗಳು ಕಾದ ಹೆಂಚಾಗಿದ್ದವು. ಓಡಿಹೋಗಲು ಬಾಗಿಲು ಬೆನ್ನಿಗೇ ಇತ್ತು. ಸಹಿ ಬಿದ್ದರೆ ಅವಳ ಅಂಗಡಿ ಮುಗಿಯಿತೆಂಬುದು ಆ ಕೋಣೆಯಲ್ಲಿ ಅವನಷ್ಟು ಸರಿಯಾಗಿ ಯಾರಿಗೂ ಗೊತ್ತಿರಲಿಲ್ಲ.

“ಸಹಿ ಬೇಡ ಕಪಿತಾನ್” ಎಂದ.

“ಲಾಯರುಗಳಿಗೆ ಇಲ್ಲಿ ಬಾಯಿಲ್ಲ.”

“ಲಾಯರ್ ಆಗಿಲ್ಲ ಇನ್ನೂ. ಆಗೋ ಯೋಗ್ಯತೆನೂ ಇಲ್ಲ. ಆ ಕಾಗದ ನಾನು ತಮಾಷೆಗೆ ಬರೆದದ್ದು. ತಪ್ಪು ನಂದು.”

ದನಿ ತೆಳ್ಳಗೆ, ಯಾರದೋ ಎಂಬಂತೆ ಹೊರಬಂತು. ಊರು ಅವನ ಬಾಯಲ್ಲಿ ಅದನ್ನು ಎಂದೂ ಕೇಳಿರಲಿಲ್ಲ. ಬೊಯೆಟ್ ತೊಡೆ ತಟ್ಟಿದ. “ಇದ್ಯಾರ ದನಿಯೋ? ಹೊಸ ಪಾದ್ರಿದಾ?”

“ಯಾರದೂ ಅಲ್ಲ. ನಂದೇ.”

ಕೋಣೆ ಮತ್ತೆ ಬಿದ್ದು ಬಿದ್ದು ನಕ್ಕಿತು. “ಭೇಷ್! ಮುಖ ಹೆಂಗೆ ಮಾಡ್ಕೊಂಡಿದಾನೆ ನೋಡ್ರೋ!” ಎಂದಿತು ಕಿಟಕಿ. ಆ ನಗುವಿನ ಮಧ್ಯೆಯೇ ಎಲಿಸಿಯೊ, ತಲೆ ತಗ್ಗಿಸಿ, ಒಂದೊಂದೇ ಮಾತು ಇಟ್ಟ. “ಹೋದ ಶನಿವಾರ ಬೆಳಿಗ್ಗೆ, ಪೇಟೇಲಿ, ಮಾಂಸದ ಅಂಗಡಿ ಮುಂದೆ, ಲುಮೆನ್ ಅವರು ‘ಪುರಿಂಗ್ ಸಾರಿನಲ್ಲಿರೋದು ಬೀದಿನಾಯಿ ಮೂಳೆ’ ಅಂದ್ರು. ಕಟುಕ ತಸ್ಯೊ ಕೇಳಿಸ್ಕೊಂಡಿದಾನೆ. ಅದು ಸುಳ್ಳು. ಅದೇ ಜಾಗದಲ್ಲಿ ನಿಂತು ಅದನ್ನ ಸುಳ್ಳು ಅನ್ಬೇಕು. ಮನಾಂಗ್‌ಗೆ ಬೇಕಾಗಿರೋದು ಅಷ್ಟೇ.”

ನಗು ಉಡುಗಿತು. ಎದುರು ಗೋಡೆಯ ಬಳಿ ನಿಂತಿದ್ದ ತಸ್ಯೊ ಹೌದೆಂದು ತಲೆಯಾಡಿಸಿದ. ಕಪಿತಾನ ಲುಮೆನ್ ಕಡೆ ತಿರುಗಿದ.

“ಈಗ ಹೇಳು. ಅಂದ್ಯಾ, ಇಲ್ವಾ?”

ಲುಮೆನ್ ತಸ್ಯೊನನ್ನು ನೋಡಿದಳು, ಫ್ಯಾನು ನೋಡಿದಳು. ಜೋಗುಳದ ರಾಗ ತಪ್ಪಿತ್ತು. “ಅದು... ಸುಮ್ನೆ ತಮಾಷೆಗೆ ಅಂದೆ ಕಪಿತಾನ್.”

“ಅಂದಿದ್ದಂತೂ ಆಯ್ತಲ್ಲ. ಈ ಶನಿವಾರ ಅದೇ ಜಾಗದಲ್ಲಿ ನಿಂತು ವಾಪಸ್ ತಗೋತೀಯಾ, ಕೋರ್ಟಿಗೆ ಚೀಟಿ ಕೊಡ್ಲಾ?”

“ತಗೋತೀನಿ” ಎಂದಳು ಲುಮೆನ್, ನೆಲ ನೋಡುತ್ತಾ.

ಪುರಿಂಗ್ ಒಮ್ಮೆ ಅವಳನ್ನು ನೋಡಿದಳು, ಒಮ್ಮೆ ಎಲಿಸಿಯೊನನ್ನು ನೋಡಿದಳು. “ಇವಳೂ ತಮಾಷೆಗೆ” ಎಂದಳು. “ಇವನೂ ತಮಾಷೆಗೆ!”

ನಗು ಅವಳ ಹೊಟ್ಟೆಯಿಂದ ಎದ್ದು ಬಂತು. ಕುರ್ಚಿ ಹಿಡಿದುಕೊಂಡು, ಕಣ್ಣೀರು ಒರೆಸಿಕೊಳ್ಳುತ್ತಾ ಅವಳು ನಕ್ಕಳು. ಮೊದಲು ಕಪಿತಾನ, ಆಮೇಲೆ ತಸ್ಯೊ, ಆಮೇಲೆ ಕಿಟಕಿಗಳು ಅವಳ ಜೊತೆ ಸೇರಿಕೊಂಡವು. ಎಲಿಸಿಯೊ ಒಬ್ಬನೇ ನಗಲಾರದೆ, ತಲೆ ಎತ್ತಲಾರದೆ ನಿಂತಿದ್ದ. ಅಷ್ಟೂ ಜನರ ನಗುವಿನ ಮೇಲೆ ಪುರಿಂಗಳ ನಗುವೇ ಎಲ್ಲಕ್ಕಿಂತ ಜೋರಾಗಿ ಕೇಳುತ್ತಿತ್ತು.