ಮುಚ್ಚದ ಕಂಪ್ಲೇಂಟು

ಏಸಿ ಮತ್ತೆ ಗುರುಗುಟ್ಟುತ್ತಿದೆ, ಇನ್ನು ಇದೂ ಹೋಗುತ್ತದೆ, ಸಂಸ್ಥೆಯ ಅಧ್ಯಕ್ಷರ ಕೋಣೆಗೆ, ಸರ್ವರ್ ಕ್ಲೌಡಿಗೆ ಹೋದ ಮೇಲೆ ಅದನ್ನು ನೋಡಿಕೊಳ್ಳುವ ಪದ್ಮಜಾ ಒಬ್ಬಳಿಗೆ ತಂಪು ಯಾಕೆ ಎಂದು ಯಾರೂ ಬಾಯಿಬಿಟ್ಟು ಹೇಳಿಲ್ಲ, ಹೇಳಬೇಕಾಗಿಯೂ ಇಲ್ಲ — ಬಾಗಲಕೋಟೆಯ ಬಿಸಿಲಿಗೆ ಬೆಂದು ಈ ಕೋಣೆಗೆ ನುಗ್ಗುತ್ತಿದ್ದವರು, ಬರ್ರಿ, ಪದ್ಮಜಾ ಮೇಡಂ ಕಡೆ ಸ್ವಲ್ಪ ಹೊತ್ತು ಕುಂತು ಹೋಗೂಣು, ಎಂದು ಚಹಾ ಹಿಡಿದು ಬರುತ್ತಿದ್ದವರು ಬಂದದ್ದು ಏಸಿಗಾಗಿ ಎಂಬುದು ಅವಳಿಗೆ ಗೊತ್ತಿಲ್ಲದ್ದೇನಲ್ಲ, ಆದರೂ ಬರುತ್ತಿದ್ದರಲ್ಲ. ಬಾದಾಮಿ, ಹುನಗುಂದ, ಇಳಕಲ್ಲಿನಲ್ಲಿರುವ ಸಂಸ್ಥೆಯ ಕಾಲೇಜುಗಳ ಹಾಜರಿ, ಅಂಕ, ಫಲಿತಾಂಶವೆಲ್ಲ ಇಷ್ಟು ದಿನ ಈ ಸರ್ವರ್ ಪೆಟ್ಟಿಗೆಯೊಳಗೆ, ಇನ್ನು ಎಲ್ಲೋ ದೂರದ ಬಾಡಿಗೆ ಯಂತ್ರದೊಳಗೆ, ಅದನ್ನ ನಡಸಾಕ ಯಾವ ಲಿನಕ್ಸ್ ಹಾಕಬೇಕು, ಒಂದ ಹೆಸರು ಬರದು ಕಳಸ್ರಿ, ನೀವ ಹೇಳಿದ್ದ ಫೈನಲ್ ಎಂದಿದ್ದರು ಅಧ್ಯಕ್ಷರು — ಒಬ್ಬರಾದರೂ ಯಾಕೆ ಎಂದು ಕೇಳಬಾರದೇ, ಜಗಳಕ್ಕೆ ಬರಬಾರದೇ, ಉಬುಂಟು ಎಂಬ ಲಿನಕ್ಸಿನ ಹೆಸರು ಹೇಳಿದರೆ ತಿನ್ನುವುದೋ ಉಡುವುದೋ ಎನ್ನುವ ಮಂದಿ ಎಲ್ಲ.

ಡೆಬಿಯನ್ ಎನ್ನಬೇಕು, ಇಷ್ಟು ವರ್ಷ ಆ ಲಿನಕ್ಸನ್ನೇ ನಡೆಸಿದ್ದಾಳೆ, ಪುಕ್ಕಟೆ ಸಿಗುತ್ತದೆ, ಕೆಟ್ಟರೆ ನಿದ್ದೆಗಣ್ಣಲ್ಲೂ ತಿದ್ದುತ್ತಾಳೆ, ಅದರಲ್ಲಿ ಎರಡು ಮಾತಿಲ್ಲ, ಆದರೆ ಡೆಬಿಯನ್ನಿನಿಂದ ಫೋನ್ ಬರುವುದಿಲ್ಲ. ಲಿನಕ್ಸ್ ಮಾರುವ ಕಂಪನಿಯೊಂದಿದೆ, ಅಲ್ಲಿಂದ ಬರುತ್ತದೆ, ದುಡ್ಡು ಕೊಟ್ಟರೆ ಯಂತ್ರದ ಜೊತೆ ಮನುಷ್ಯರೂ ಸಿಗುತ್ತಾರೆ — ಕೊಳ್ಳುವ ಮೊದಲು ಬಳಸಿ ನೋಡಿ ಎಂದು ಟ್ರಯಲ್ ಕೊಟ್ಟಾಗ ಸಣ್ಣದೊಂದು ಕಂಪ್ಲೇಂಟ್ ಹಾಕಿದ್ದಳು, ಯಂತ್ರದ ಗಡಿಯಾರ ಸ್ವಲ್ಪ ಹಿಂದೆ ಬೀಳುತ್ತದೆ ಎಂದು, ಇಂಗ್ಲಿಷಿಗಾಗಿ ಗಂಟಲು ಸರಿಮಾಡಿಕೊಂಡು ಕೂತರೆ, ನಮಸ್ಕಾರ್ರಿ ಮೇಡಂ, ನಾ ರೋಹಿಣಿ ಮಾತಾಡ್ತೇನಿ, ಕೆರೂರಿನ ಹುಡುಗಿ, ಮನೆಯಿಂದಲೇ ಕೆಲಸ, ಮಾತಿನ ಹಿಂದೆ ಕುಕ್ಕರಿನ ಸೀಟಿ, ಒಂದ್ ನಿಮಿಷ ರೀ, ಗ್ಯಾಸಿನತ್ತ ಹೋಗುವ ಕೈ, ಕಾಣದ ಆ ಕೈಯನ್ನು ಪದ್ಮಜಾ ಕಂಡೇಬಿಟ್ಟಳು, ಬಳೆಯ ಸಮೇತ, ಹಿಟ್ಟು ಮೆತ್ತಿದ ಬೆರಳಿನ ಸಮೇತ. ಗಡಿಯಾರ ಅಂದೇ ಸರಿಹೋಯಿತು, ಕಂಪ್ಲೇಂಟ್ ಕ್ಲೋಸ್ ಮಾಡ್ಲೇನ್ರಿ, ಇನ್ನೊಂದು ದಿನ ನೋಡ್ತೇನಿ ತಂಗಿ, ಮರುದಿನ ಮತ್ತೆ ಫೋನು, ಹೆಂಗದ ರೀ ಈಗ, ಇನ್ನೊಂದು ದಿನ ನೋಡ್ತೇನಿ, ಮತ್ತೆ ಸೀಟಿ, ಮತ್ತೆ ಆ ಕೈ, ಊಟ ಆತೇನ್ರಿ ಮೇಡಂ — ತಾಯಿ ಅನಸೂಯಾಬಾಯಿ ತೀರಿಕೊಂಡ ಮೇಲೆ ಹಾಗೆ ಕೇಳಿದವಳು ಇವಳೊಬ್ಬಳೇ, ನವನಗರದ ಮನೆಯಲ್ಲಿ ಕುಕ್ಕರ್ ಅಟ್ಟ ಸೇರಿದೆ, ಒಬ್ಬಳ ಅನ್ನಕ್ಕೆ ಸಣ್ಣ ಪಾತೇಲಿ ಸಾಕು, ಅದು ಸೀಟಿ ಹೊಡೆಯುವುದಿಲ್ಲ, ಯಾರನ್ನೂ ಕರೆಯುವುದಿಲ್ಲ.

ಡೆಬಿಯನ್ ಎಂದು ಬರೆದಳು, ಅಳಿಸಿದಳು, ನನಗೇನಾದರೂ ಆದರೆ ಯಂತ್ರ ನೋಡಿಕೊಳ್ಳಲು ಯಾರೂ ಇಲ್ಲ, ಕಂಪನಿಯ ಆಸರೆ ಇರಲಿ — ಕಾರಣ ಎಷ್ಟು ಸಲೀಸಾಗಿ ಬಂತು, ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ, ಮಕ್ಕಳ ಫೀಸಿನ ದುಡ್ಡಲ್ಲವೇನೇ ಪದ್ಮಜಾ, ನಿನ್ನ ಕಿವಿಗೊಂದು ದನಿ ಬೇಕೆಂದು, ನಾಚಿಕೆಯಾಗುತ್ತಿದೆ, ನಾಚಿಕೆಯಾಗುತ್ತಿರುವಂತೆಯೇ ಕಂಪನಿಯ ಹೆಸರಷ್ಟೇ ಕಳಿಸಿದಳು, ಚಹಾ ಆರುವ ಮೊದಲೇ ಅಧ್ಯಕ್ಷರ ಉತ್ತರ, ಆತ್ರಿ ಮೇಡಂ, ಯಾಕೆ ಎಂದು ಅವರು ಕೇಳಲೇ ಇಲ್ಲ.

ಈಗ ಫೋನು, ರೋಹಿಣಿಯದೇ, ತೊಗೊಂಡ್ವಿ ತಂಗಿ, ನಿಮ್ಮದ ತೊಗೊಂಡ್ವಿ, ತನ್ನ ದನಿ ಹೀಗೆ ಕುಣಿದು ಎಷ್ಟು ದಿನವಾಯಿತೋ, ಭಾಳ ಛಲೋ ಆತು ಬಿಡ್ರಿ, ಇನ್ನ ಮ್ಯಾಲೆ ನಿಮಗ ಪುಣೆದವರು ಫೋನ್ ಮಾಡ್ತಾರ್ರಿ, ನಾ ಬರೇ ಟ್ರಯಲ್‌ದವರನ್ನ ನೋಡ್ತೇನಿ, ತೊಗೊಂಡವರೆಲ್ಲ ಅವರ ಕಡೆ — ಪುಣೆದವರು, ಏಸಿಯ ತಂಪು ಒಮ್ಮೆಲೇ ಬೆನ್ನಿಗೆ ಹತ್ತಿತು, ಹಂಗಾರ ಆ ಹಳೇ ಕಂಪ್ಲೇಂಟ್ ಕ್ಲೋಸ್ ಮಾಡ್ಲೇನ್ರಿ, ಇನ್ನೊಂದು ದಿನ ಎಂಬುದು ನಾಲಿಗೆಯ ತುದಿಗೆ ಬಂದು ನಿಂತಿತು, ಮಾಡು ತಂಗಿ ಎಂದಳು, ಮತ್ತೇನರ ಸಹಾಯ ಬೇಕೇನ್ರಿ, ಇದು ಮಾತ್ರ ಕಂಪನಿ ಕಲಿಸಿದ ಮಾತು, ಬೇಕು ಎಂದರೆ ಏನೆಂದು ಬರೆದುಕೊಂಡಾಳು ಪಾಪ, ಏನೂ ಬ್ಯಾಡ, ಸೀಟಿ ಆತು ನೋಡು, ಗ್ಯಾಸ್ ಬಂದ್ ಮಾಡು — ಲೈನ್ ಕಟ್ಟಾಗಿತ್ತು, ಮಾತು ಮುಟ್ಟಿತೋ ಇಲ್ಲವೋ, ಕಳಿಸಿದ ಹೆಸರನ್ನು ವಾಪಸು ತೆಗೆದುಕೊಳ್ಳಬೇಕು, ಈಗಲೇ, ಡೆಬಿಯನ್ ಎಂದು ಬರೆಯಬೇಕು, ಯಾಕೆ ಎಂದು ಅಧ್ಯಕ್ಷರು ಈಗಲಾದರೂ ಕೇಳಿಯಾರು, ಕೇಳಿದರೆ ಏನು ಹೇಳುವುದು, ಕೆರೂರಿನ ಅಡುಗೆಮನೆಯಲ್ಲಿ ಕೈಯೊಂದು ಗ್ಯಾಸಿನತ್ತ ಹೋಗುತ್ತಿದೆ, ಹೋಗುತ್ತಲೇ ಇದೆ, ಆ ಕೈ, ಬಳೆ, ಹಿಟ್ಟು ಮೆತ್ತಿದ ಬೆರಳು