ಇಪ್ಪತ್ನಾಲ್ಕು ಪುಟದ ಪುಸ್ತಕದ ನಲವತ್ತೊಂದನೇ ಪುಟ

೧

ಈ ಕಥೆಯನ್ನು ಮೇಕೆಯಿಂದ ಶುರು ಮಾಡಲೇ, ನನ್ನಿಂದ ಮಾಡಲೇ? ಮೇಕೆಯಿಂದಾದರೆ ನೀವು ಓದುತ್ತೀರಿ. ಹೆಸರು ಉಮಾಶ್ರೀ, ರಾಜಗೋಪಾಲನಗರದ ಒಂದು ಸ್ಕೂಲಿನಲ್ಲಿ ಏಳನೇ ಕ್ಲಾಸಿನ ಇಂಗ್ಲಿಷ್ ಮಿಸ್ ಎಂದು ಶುರು ಮಾಡಿದರೆ ಆಕಳಿಸುತ್ತೀರಿ. (ನಲವತ್ತೆರಡು ಮಕ್ಕಳು ದಿನವೂ ನನ್ನೆದುರು ಆಕಳಿಸುತ್ತಾರೆ, ಅಭ್ಯಾಸವಾಗಿದೆ.) ಕಥೆಗೆ ಆದಿ, ಮಧ್ಯ, ಅಂತ್ಯ ಇರಲೇಬೇಕು ಎಂದು ನೋಟ್ಸ್ ಬರೆಸುವವಳು ನಾನೇ. ಈಗ ನನ್ನ ಹತ್ತಿರ ಇರುವುದು ಒಂದು ತಪ್ಪು ಮಾತ್ರ. ಅದನ್ನು ಮಾಡಿದವಳೂ ನಾನೇ.

೨

ಸುತ್ತಿಬಳಸದೆ ಹೇಳಿಬಿಡುತ್ತೇನೆ. ಈ ವರ್ಷ ಮಕ್ಕಳಿಗೆ ರೀಡಿಂಗ್ ಲಾಗ್ ಕೊಟ್ಟೆ. ದಿನಾ ಸಂಜೆ ಇಪ್ಪತ್ತು ನಿಮಿಷ ಮನೆಯಲ್ಲಿ ಗಟ್ಟಿಯಾಗಿ ಇಂಗ್ಲಿಷ್ ಪುಸ್ತಕ ಓದಬೇಕು. ಪುಟದ ನಂಬರು, ಓದಿದ್ದರ ಬಗ್ಗೆ ಒಂದು ವಾಕ್ಯ ಬರೆಯಬೇಕು. ಕೇಳಿಸಿಕೊಂಡವರು ಸೈನ್ ಹಾಕಬೇಕು. ಇಪ್ಪತ್ತು ಇಂಟರ್ನಲ್ ಮಾರ್ಕ್ಸ್. ಪುಸ್ತಕಗಳು ಯಾರೋ ದಾನ ಕೊಟ್ಟ ರಟ್ಟಿನ ಪೆಟ್ಟಿಗೆಯವು. ಒಂದು ಪುಸ್ತಕವನ್ನೂ ಬಿಚ್ಚಿ ನೋಡದೆ ಹಂಚಿದೆ. "ಹರಿದರೆ ನೀವೇ ಜವಾಬ್ದಾರಿ" ಎನ್ನುವುದನ್ನು ಮಾತ್ರ ಮರೆಯಲಿಲ್ಲ.

ಭಾಗ್ಯಶ್ರೀಗೆ ಸಿಕ್ಕಿದ್ದು ಮೇಕೆಯ ಪುಸ್ತಕ. ಮೇಕೆಯೊಂದು ಹಗ್ಗ ಬಿಡಿಸಿಕೊಂಡು ರೈಲು ಹತ್ತುತ್ತದೆ. ಒಟ್ಟು ಇಪ್ಪತ್ನಾಲ್ಕು ಪುಟ, ಹಿಂದಿನ ರಟ್ಟಿನ ಮೇಲೆ ಅಚ್ಚು ಹಾಕಿದ್ದಾರೆ. ಅವಳ ಲಾಗ್‌ನಲ್ಲಿ ನಲವತ್ತೊಂದನೇ ಪುಟದ ತನಕ ಎಂಟ್ರಿ ಇತ್ತು!

"ದಿ ಗೋಟ್ ಗಾಟ್ ಡೌನ್ ಇನ್ ಯಾದಗಿರಿ."

"ದಿ ಗೋಟ್ ಈಸ್ ವರ್ಕಿಂಗ್ ಇನ್ ಪ್ಯಾಕಿಂಗ್ ಸೆಕ್ಷನ್."

"ಸೂಪರ್‌ವೈಸರ್ ಸ್ಕೋಲ್ಡೆಡ್ ದಿ ಗೋಟ್ ಬಟ್ ಗೋಟ್ ಡಿಡ್ ನಾಟ್ ಕ್ರೈ."

ಪ್ರತಿ ಸಾಲಿನ ಮುಂದೆ ಕನ್ನಡದಲ್ಲಿ ಒತ್ತಿ ಬರೆದ ಅವಳಮ್ಮನ ಸೈನು: ದುರ್ಗವ್ವ.

ನನಗೆ ನಗು ಬರಬೇಕಿತ್ತು. ಸಿಟ್ಟು ಬಂತು. ಸೊನ್ನೆ ಹಾಕಿದೆ.

೨ (ಮತ್ತೆ)

(ಸಿಟ್ಟು ಯಾಕೆ ಬಂತು ಎಂದು ಇಲ್ಲೊಂದು ಉದ್ದ ಪ್ಯಾರಾ ಇತ್ತು. ನನ್ನ ತಲೆನೋವು, ನಲವತ್ತೆರಡು ಲಾಗ್‌ಗಳು, ಪ್ರಿನ್ಸಿಪಾಲರ ಮೆಸೇಜುಗಳು. ಓದಿ ನೋಡಿದೆ, ಎಲ್ಲ ನೆಪ. ಹೊಡೆದುಹಾಕಿದೆ.)

ಪೇರೆಂಟ್ಸ್ ಮೀಟಿಂಗಿಗೆ ದುರ್ಗವ್ವ ಅರ್ಧ ದಿನ ರಜೆ ಹಾಕಿ ಬಂದಿದ್ದರು. ಸುರಪುರದ ಕಡೆಯವರು. ಪೀಣ್ಯದ ಒಂದು ಫ್ಯಾಕ್ಟರಿಯಲ್ಲಿ ಪ್ಯಾಕಿಂಗ್ ಕೆಲಸ. ಹೆಸರು ಬರೆಯುವಷ್ಟು ಕನ್ನಡ ಗೊತ್ತು, ಇಂಗ್ಲಿಷ್ ಗೊತ್ತಿಲ್ಲ.

"ನಿಮ್ಮ ಮಗಳು ಓದದೇ ಓದಿದೀನಿ ಅಂತ ಬರ್ದಿದಾಳೆ. ನೀವೂ ಸುಮ್ನೆ ಸೈನ್ ಹಾಕಿದೀರ," ಎಂದೆ. ಹಿಂದೆ ಏಳೆಂಟು ಜನ ತಂದೆತಾಯಿ ಕಾಯುತ್ತಿದ್ದರು. ಭಾಗ್ಯಶ್ರೀ ಪಕ್ಕದಲ್ಲೇ ತಲೆ ತಗ್ಗಿಸಿ ನಿಂತಿದ್ದಳು.

"ಓದ್ಯಾಳ್ರಿ ಮೇಡಂ. ದಿನಾ ಕುಂತು ಕೇಳೀನಿ. ಮದಲ ಇಂಗ್ಲಿಷ್‌ನಾಗ ಓದ್ತಾಳ, ಆಮ್ಯಾಲ ಕನ್ನಡದಾಗ ತಿಳಿಸಿ ಹೇಳ್ತಾಳ."

"ಆ ಕಥೆ ಪುಸ್ತಕದಲ್ಲೇ ಇಲ್ಲಮ್ಮ. ಸುಳ್ಳು."

"ಎಲ್ಲಾ ಸುಳ್ಳೇನ್ರಿ?"

ಹೂಂ ಎಂದೆ.

"ಊಟದ ಹೊತ್ತಿನಾಗ ನಾ ಆರು ಮಂದಿಗೆ ಹೇಳೀನಲ್ರಿ," ಎಂದರು, "ನನ್ನ ಮಗಳು ಓದಿದ ಇಂಗ್ಲಿಷ್ ಪುಸ್ತಕದ ಕಥಿ ಅಂತ."

ಎದ್ದು ಹೋದರು. ಮಗಳ ಕಡೆ ನೋಡಲಿಲ್ಲ.

೪

(ಮೂರು ಎಲ್ಲಿ ಎಂದು ಹುಡುಕಬೇಡಿ. ಅದರಲ್ಲಿ ನಾನು ತುಂಬ ಒಳ್ಳೆಯವಳಾಗಿ ಕಾಣುತ್ತಿದ್ದೆ, ತೆಗೆದೆ.)

ಮುಂದಿನ ವಾರ ಪುಸ್ತಕಗಳನ್ನು ವಾಪಸು ತೆಗೆದುಕೊಂಡೆ. ಮೇಕೆಯ ಪುಸ್ತಕವನ್ನು ಆಗ ಮೊದಲ ಸಲ ಬಿಚ್ಚಿದೆ. ಹನ್ನೆರಡನೇ ಪುಟ ಆದಮೇಲೆ ಸೀದಾ ಹಿಂದಿನ ರಟ್ಟು. ಉಳಿದರ್ಧ ಹಾಳೆಗಳು ಯಾವತ್ತೋ ಕಿತ್ತುಹೋಗಿದ್ದವು, ಪಿನ್ನು ತುಕ್ಕು ಹಿಡಿದಿತ್ತು. ಭಾಗ್ಯಶ್ರೀಯನ್ನು ಕರೆದೆ.

"ಯಾಕೆ ಹೇಳ್ಲಿಲ್ಲ?"

"ನಾನೇ ಹರಿದೆ ಅಂದ್ಕೋತೀರ ಅಂತ ಮಿಸ್."

"ಓದೋದು ನಿಲ್ಲಿಸ್ಬೋದಿತ್ತಲ್ಲ?"

"ನಮ್ಮವ್ವ ಮುಂದೇನಾತು, ಮುಂದೇನಾತು ಅಂತ ಕೇಳ್ತಿದ್ಲು ಮಿಸ್. ಫ್ಯಾಕ್ಟರೀಲೂ ಎಲ್ಲಾ ಕಾಯ್ತಿರ್ತಾರೆ ಅಂತಿದ್ಲು. ಇಲ್ಲ ಅಂತ ಹೆಂಗ್ ಹೇಳ್ಲಿ?"

ಎರಡು ತಿಂಗಳು ಈ ಹುಡುಗಿ ಹನ್ನೆರಡನೇ ಪುಟ ತೆರೆದಿಟ್ಟುಕೊಂಡು, ಇಲ್ಲದ ಇಂಗ್ಲಿಷ್ ವಾಕ್ಯಗಳನ್ನು ಕಟ್ಟಿ ಗಟ್ಟಿಯಾಗಿ ಓದಿದ್ದಾಳೆ. ನನ್ನ ಕ್ಲಾಸಿನ ಬೇರೆ ಯಾರಿಗೂ ಅದು ಆಗುವುದಿಲ್ಲ. ನನಗೂ ಆಗುವುದಿಲ್ಲ. ನೋಡುತ್ತಿದ್ದೀರಲ್ಲ, ಒಂದು ಕಥೆಯನ್ನು ಕನ್ನಡದಲ್ಲೇ ದಡ ಮುಟ್ಟಿಸಲು ಒದ್ದಾಡುತ್ತಿದ್ದೇನೆ.

"ಈಗ ಅಮ್ಮ ಕೇಳ್ತಾರಾ?"

"ಇಲ್ಲ ಮಿಸ್. ನಾನು ಪುಸ್ತಕ ಹಿಡಿದ್ರೆ ಪಾತ್ರೆ ತೊಗೊಂಡು ಹೊರಗೆ ಹೋಗ್ತಾಳೆ."

ನನಗೆ ನಾಚಿಕೆಯಾಯಿತು. ಕಥೆಯಲ್ಲಿ ಇಂಥದ್ದನ್ನು ನೇರವಾಗಿ ಹೇಳಬಾರದಂತೆ. ಆಯಿತು, ಹೇಳಿಬಿಟ್ಟೆ.

೫

ಅಂತ್ಯ ಒಂದು: ಸೊನ್ನೆ ಹೊಡೆದುಹಾಕಿ ಇಪ್ಪತ್ತಕ್ಕೆ ಇಪ್ಪತ್ತು ಕೊಡುತ್ತೇನೆ. ಭಾಗ್ಯಶ್ರೀ ಕ್ಲಾಸಿನ ಮುಂದೆ ತನ್ನ ಕಥೆ ಓದುತ್ತಾಳೆ. ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟುತ್ತಾರೆ.

(ಇಷ್ಟು ಬರೆಯುವಾಗಲೇ ಭಾಗ್ಯಶ್ರೀ ಹಾಳೆಯ ಒಳಗಿಂದ ಕೈ ಎತ್ತಿದಳು. "ಮಿಸ್, ನಮ್ ಕ್ಲಾಸಲ್ಲಿ ಯಾರೂ ಹಂಗೆ ಎದ್ದು ನಿಲ್ಲಲ್ಲ. ಗೋಟ್ ಗೋಟ್ ಅಂತ ರೇಗಿಸ್ತಾರೆ.")

ಅಂತ್ಯ ಎರಡು: ಪೂರ್ತಿ ಪುಸ್ತಕ ಹುಡುಕಿ ತರುತ್ತೇನೆ. ದುರ್ಗವ್ವ ಅಸಲಿ ಅಂತ್ಯ ಕೇಳುತ್ತಾರೆ: ಯಜಮಾನ ಬಂದು ಮೇಕೆಯನ್ನು ಮತ್ತೆ ಕಟ್ಟಿಹಾಕುತ್ತಾನೆ. "ಇಷ್ಟೇ ಏನ್ರಿ?" ಎನ್ನುತ್ತಾರೆ. ಮಗಳದ್ದೇ ವಾಸಿ ಎಂದು ಎಲ್ಲರೂ ನಗುತ್ತಾರೆ.

("ಮಿಸ್," ಎಂದಳು ಮತ್ತೆ. "ಇನ್ನೂ ಎಷ್ಟು ಎಂಡಿಂಗ್ ಬರೀತೀರಾ?"

"ಇನ್ನೆರಡು ಇವೆ, ತಡಿ."

"ನೀವು ಇಲ್ಲಿ ಬರೀತಾ ಕೂತಿದೀರ. ನಮ್ಮವ್ವ ಅಲ್ಲಿ ನನ್ ಹತ್ರ ಮಾತೇ ಆಡ್ತಿಲ್ಲ."

ಏಳನೇ ಕ್ಲಾಸಿನವಳ ಹತ್ತಿರ ಬೈಸಿಕೊಂಡೆ. ಪೆನ್ನು ಮುಚ್ಚಿಟ್ಟು ಚಪ್ಪಲಿ ಹಾಕಿಕೊಂಡೆ.)

೬

ಭಾನುವಾರ, ಸಂಜೆ ನಾಲ್ಕು ಗಂಟೆ. ಇಲ್ಲಿಂದ ಮುಂದೆ ನಾನು ಏನನ್ನೂ ಕಟ್ಟಿಲ್ಲ.

ದುರ್ಗವ್ವ ಬಾಗಿಲು ತೆರೆದು, "ಬರ್ರಿ," ಎಂದಷ್ಟೇ ಅಂದರು. ಒಂದೇ ಕೋಣೆ, ಒಂದು ಪ್ಲಾಸ್ಟಿಕ್ ಕುರ್ಚಿ. ನಾನು ಕೂರದೆ ಒಂದೇ ಉಸಿರಿಗೆ ಹೇಳಿದೆ. "ಪುಸ್ತಕದಲ್ಲಿ ಅರ್ಧ ಹಾಳೆ ಇರ್ಲೇ ಇಲ್ಲಮ್ಮ. ನಾನು ನೋಡದೇ ಕೊಟ್ಟಿದ್ದೆ. ಮುಂದಿನ ಕಥೆ ಪೂರ್ತಿ ನಿಮ್ಮ ಮಗಳೇ ಕಟ್ಟಿದ್ದು, ನೀವು ಕೇಳ್ತೀರಿ ಅಂತ. ಅವಳನ್ನ ಎಲ್ಲರ ಮುಂದೆ ಸುಳ್ಳಿ ಮಾಡಿದ್ದು ನಾನು. ತಪ್ಪಾಯ್ತು."



"ಇದನ್ನ ನನಗ್ಯಾಕ ಹೇಳ್ತೀರಿ ಮೇಡಂ?" ಎಂದರು. "ಅಕಿ ನೀರಿನ ಕ್ಯಾನ್ ತುಂಬ್ಸಾಕ ಹೋಗ್ಯಾಳ. ಬರ್ಲಿ. ಅಕಿ ಮುಂದ ಹೇಳ್ರಿ. ನೀವು ಹೇಳಿದ ಮ್ಯಾಲ, ನಾನೂ ಅಕಿಗೆ ಒಂದು ಮಾತು ಹೇಳೋದೈತಿ."

ಕುರ್ಚಿಯನ್ನು ನನ್ನ ಕಡೆ ಸರಿಸಿ, ತಾವು ಹೊಸ್ತಿಲ ಹತ್ತಿರ ಕೂತರು. ಆ ಒಂದು ಮಾತು ಏನೆಂದು ನನಗೆ ಗೊತ್ತಿಲ್ಲ. ನಾನು ಮನಸ್ಸು ಮಾಡಿದರೆ ಭಾಗ್ಯಶ್ರೀಯನ್ನು ಇನ್ನೊಂದೇ ವಾಕ್ಯದಲ್ಲಿ ಬಾಗಿಲಿಗೆ ತಂದು ನಿಲ್ಲಿಸಬಲ್ಲೆ. ತರುವುದಿಲ್ಲ. ಕ್ಯಾನ್ ತುಂಬಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಕೂತಿರುತ್ತೇನೆ.