ಅರ್ಧ ಗಂಟೆಯ ಬಿರುಗಾಳಿ

ಹತ್ತುಮೊಳನ ಕುದುರೆ ಎಂಥಾ ಬಿರುಸಿನದೆಂದರೆ, ಭಾನುವಾರ ಬೆಳಿಗ್ಗೆ ಅದನ್ನೇರಿ ಹೊರಟರೆ ಶನಿವಾರ ಮಧ್ಯಾಹ್ನಕ್ಕೇ ಮನೆ ಮುಟ್ಟಿಸುತ್ತಿತ್ತು. ಒಂದು ದಿನ ಮುಂಚೆ ಬಂದು ಕೂತ ಗಂಡನನ್ನು ಕಂಡು ಹೆಂಡತಿ ಗೊಣಗುತ್ತ ಮತ್ತೆ ಒಲೆ ಹಚ್ಚುತ್ತಿದ್ದಳು. ಕುದುರೆಯ ನೆರಳು, ಪಾಪ, ದಾರಿಯಲ್ಲೇ ಹಿಂದೆ ಬಿದ್ದು ಏದುಸಿರು ಬಿಡುತ್ತ ಬುಧವಾರದ ಹೊತ್ತಿಗೆ ಬಂದು ಸೇರುತ್ತಿತ್ತು.

ಇದನ್ನು ಹೇಳಿದವನು ಹತ್ತುಮೊಳನೇ. ಕೇಳಿದವಳು ಅವನ ಎಂಟು ವರ್ಷದ ಮೊಮ್ಮಗಳು ಗುಬ್ಬಿ. ನಂಬಿದವಳೂ ಅವಳೊಬ್ಬಳೇ.

ಹತ್ತುಮೊಳ ಕಸುಬಿನಲ್ಲಿ ದರ್ಜಿ. ಬಟ್ಟೆ ಅಳೆಯುವಾಗ ಅವನ ಕೈಯಲ್ಲಿ ಒಂದು ನೂಲೂ ಹೆಚ್ಚುಕಮ್ಮಿಯಾಗದು. ಮಾತು ಅಳೆಯುವಾಗ ಮಾತ್ರ ಹತ್ತು ಮೊಳ ಸೇರಿಸದೆ ಕತ್ತರಿ ಹಾಕಿದವನಲ್ಲ. ಬೀದಿಯವರು ಹೆಸರಿಟ್ಟದ್ದು ಸುಮ್ಮನೆ ಅಲ್ಲ. ನಲವತ್ತು ವರ್ಷ ಹೊಲಿಗೆ ಮಿಷನ್ ತುಳಿದಿದ್ದ. ತುಳಿದದ್ದನ್ನೆಲ್ಲ ನೆಟ್ಟಗೆ ಎಳೆದರೆ ಭೂಮಿಗೆ ಏಳು ಸುತ್ತು ಆಗುತ್ತಿತ್ತು, ಆದರೆ ಸ್ಟೂಲು ಬಿಟ್ಟು ಒಂದು ಗೇಣು ಮುಂದೆ ಹೋಗಿರಲಿಲ್ಲ. ಅಂಥವನಿಗೆ ಅರವತ್ತೆರಡನೇ ವಯಸ್ಸಿನಲ್ಲಿ ಕುದುರೆಯ ಹುಚ್ಚು ಹತ್ತಿತು.

ಕುದುರೆ ಕೊಳ್ಳುವುದು ಹಾಗಿರಲಿ, ಅದನ್ನು ಕಟ್ಟಲು ಮನೆಯಲ್ಲಿ ಜಾಗವಿರಲಿಲ್ಲ. ಸೈಕಲ್ಲೇ ಅಡುಗೆಮನೆಯ ಗೋಡೆಗೆ ಒರಗಿ ನಿಲ್ಲುತ್ತಿತ್ತು. ಊರಾಚೆ ಒಂದು ಸವಾರಿ ಶಾಲೆಯಿತ್ತು. ಅಲ್ಲಿಯ ಮೇಡಂ ಕುದುರೆ ಜೀನಿನ ಹರಿದ ಬಟ್ಟೆ, ಮಂಡಿ ಸವೆದ ಸವಾರಿ ಪ್ಯಾಂಟು ಎಲ್ಲ ಹತ್ತುಮೊಳನ ಅಂಗಡಿಗೆ ಕಳಿಸುತ್ತಿದ್ದಳು. ಅವನು ಹೊಲಿದು ಕೊಡುತ್ತಿದ್ದ. ಬದಲಿಗೆ ಭಾನುವಾರ ಬೆಳಿಗ್ಗೆ ಅರ್ಧ ಗಂಟೆ ಪಾಠ. ಎಂಟು ತಿಂಗಳಿಂದ ಇದೇ ನಡೆದಿತ್ತು.

"ಸಾಕೋಕೆ ಯೋಗ್ಯತೆ ಇಲ್ದೋರು ಅರ್ಧ ಗಂಟೆ ಬಾಡಿಗೆ ಕುದುರೆ ಹತ್ತಿದ್ರೆ ದೊರೆ ಆಗ್ಬಿಡಲ್ಲ ರೀ," ಎನ್ನುತ್ತಿದ್ದಳು ಹೆಂಡತಿ, ಅವನ ಸೊಂಟಕ್ಕೆ ಎಣ್ಣೆ ತಿಕ್ಕುತ್ತ.

"ನಿಂಗೇನೇ ಗೊತ್ತು? ಆ ಕುದುರೆ ನನ್ನ ಮಾತು ಬಿಟ್ಟು ಇನ್ಯಾರ ಮಾತೂ ಕೇಳಲ್ಲ."

ಇದೊಂದನ್ನು ಅವನು ಬುರುಡೆ ಎಂದುಕೊಂಡು ಹೇಳಿರಲಿಲ್ಲ. ನಿಜವಾಗಿ ನಂಬಿದ್ದ.

ಮೊಮ್ಮಗಳ ಹತ್ತಿರ ಮಾತ್ರ ಕುದುರೆ ಪೂರ್ತಿ ಅವನದೇ ಆಯಿತು. ಅದಕ್ಕೆ ಬಿರುಗಾಳಿ ಎಂದು ಹೆಸರಿಟ್ಟ. ನೆರಳನ್ನು ಹಿಂದೆ ಬಿಡುವ ವಿದ್ಯೆ ಕಲಿಸಿದ. ಗುಬ್ಬಿ ಆ ಕಥೆಯನ್ನೆಲ್ಲ ಕಟ್ಟಿಕೊಂಡು ಹೋಗಿ ಶಾಲೆಯಲ್ಲಿ ಬಿಚ್ಚಿದಳು. 'ನಮ್ಮ ಮನೆಯ ಪ್ರಾಣಿ' ಎಂದು ಬರೆಯಲು ಹೇಳಿದಾಗ ಬಿರುಗಾಳಿಯ ಮೇಲೆ ಮೂರು ಪುಟ ಬರೆದಳು. ಅವಳ ಪಕ್ಕದ ಬೆಂಚಿನ, ಹಲ್ಲು ಡಾಕ್ಟರ ಮಗಳು ಎದ್ದು ನಿಂತು, "ಮಿಸ್, ಇವಳು ಸುಳ್ಳು ಬರ್ದಿದಾಳೆ," ಎಂದಳು. ಮಾತಿಗೆ ಮಾತು ಬೆಳೆಯಿತು. ಭಾನುವಾರ ಇಬ್ಬರೂ ಹೋಗಿ ನೋಡುವುದು. ಕುದುರೆ ಅಜ್ಜನದಲ್ಲದಿದ್ದರೆ ಸೋಮವಾರ ಗುಬ್ಬಿ ಇಡೀ ಕ್ಲಾಸಿನ ಮುಂದೆ ನಿಂತು 'ನಾನು ಸುಳ್ಳಿ' ಎಂದು ಹೇಳುವುದು. ಇದೇ ಪಂಥ.

"ನಾನು ಒಪ್ಕೊಂಡೆ ಅಜ್ಜ," ಎಂದು ಗುಬ್ಬಿ ಅಂಗಡಿಗೆ ಓಡಿ ಬಂದು ಹೇಳಿದಾಗ ಹತ್ತುಮೊಳ ತನ್ನ ಬೆರಳಿಗೇ ಸೂಜಿ ಚುಚ್ಚಿಕೊಂಡ. "ನಂಗೇನು ಭಯ? ನಿಂದೇ ತಾನೇ?"

ಆಗಲೇ ಹೇಳಿಬಿಡಬಹುದಿತ್ತು. ಬಾಯಿ ತೆರೆದೂ ತೆರೆದ. ಬಂದ ಮಾತು ಮಾತ್ರ ಬೇರೆ: "ಅವಳಿಗೆ ಟೋಪಿ ಹಾಕ್ಕೊಂಡು ಬರೋಕೆ ಹೇಳು. ಬಿರುಗಾಳಿ ಓಡಿದ ರಭಸಕ್ಕೆ ಕೂದಲು ಹಾರಿಹೋಗತ್ತೆ."

ಶನಿವಾರವೇ ಸವಾರಿ ಶಾಲೆಗೆ ಹೋಗಿ ಮೇಡಂ ಎದುರು ಕೈ ಮುಗಿದ. "ನಾಳೆ ಒಂದು ದಿನ ನೀವು ಪಾಠ ಹೇಳ್ಬೇಡಿ. ಬೇಲಿ ಹತ್ರ ಸುಮ್ನೆ ಕೂತಿರಿ. ನೋಡೋಕೆ ಬರೋ ಮಕ್ಕಳು ನಿಮ್ಮನ್ನ ಕುದುರೆ ನೋಡ್ಕೊಳ್ಳೋರು ಅಂದ್ಕೋತಾರೆ."

"ನಾನು ಬಾಯಿ ಮುಚ್ಚಿದ್ರೆ ನಿಮಗೇ ಕಷ್ಟ ಯಜಮಾನ್ರೇ."

"ಎಂಟು ತಿಂಗಳಾಯ್ತು ಮೇಡಂ! ನಾನು ಮನಸ್ಸಲ್ಲಿ ನೆನೆಸಿದ್ರೆ ಸಾಕು, ಅದು ತಿರುಗತ್ತೆ."

"ಆಯ್ತು, ನಿಮ್ಮಿಷ್ಟ," ಎಂದಳು ಮೇಡಂ.

ಭಾನುವಾರ ಬಂತು. ಮರಳು ಹಾಸಿದ ಅಂಗಳ, ಸುತ್ತ ಬಿಳಿ ಬಣ್ಣದ ಬೇಲಿ. ಬೇಲಿಯಾಚೆ ಗುಬ್ಬಿ, ಅವಳ ಪಕ್ಕ ನಿಜಕ್ಕೂ ಟೋಪಿ ಹಾಕಿಕೊಂಡು ಬಂದಿದ್ದ ಹಲ್ಲು ಡಾಕ್ಟರ ಮಗಳು. ಸ್ವಲ್ಪ ದೂರದ ಬೆಂಚಿನ ಮೇಲೆ ಮೇಡಂ, ತುಟಿಗೆ ಹೊಲಿಗೆ ಹಾಕಿದ ಹಾಗೆ. ಹತ್ತುಮೊಳ ಮೂರು ಮೆಟ್ಟಿಲ ಮಣೆ ಹತ್ತಿ ಜೀನಿನ ಮೇಲೆ ಕೂತ. ಲಾಯದಾಳು ಮಣೆಯನ್ನು ಎತ್ತಿಕೊಂಡು ಹೋದ.

ಕುದುರೆ ಇಪ್ಪತ್ತೊಂದು ವರ್ಷದ ಹೆಣ್ಣು. ಬೆನ್ನು ಹಳೇ ಮಂಚದ ಹಾಗೆ ನಡುವೆ ಜಗ್ಗಿತ್ತು.

"ಬಿರುಗಾಳೀ, ಹೊರಡು!" ಎಂದ ಹತ್ತುಮೊಳ, ಮಕ್ಕಳಿಗೆ ಕೇಳಿಸುವಂತೆ.

ಕುದುರೆ ಒಂದು ಕಿವಿಯನ್ನು ಬೆಂಚಿನ ಕಡೆ ತಿರುಗಿಸಿ ಕಾದಿತು.

ಹಿಮ್ಮಡಿ ಒತ್ತಿದ. ಲಗಾಮು ಸಡಿಲ ಬಿಟ್ಟ. ಬಿಗಿ ಹಿಡಿದ. ಎರಡೂ ಕಾಲಲ್ಲಿ ಮಿಷನ್ ತುಳಿದಂತೆ ತುಳಿದ. ನಲವತ್ತು ವರ್ಷದಲ್ಲಿ ಅವನು ತುಳಿದಾಗ ಚಕ್ರ ತಿರುಗದೆ ಇದ್ದದ್ದೇ ಇಲ್ಲ. ಇಲ್ಲಿ ಕುದುರೆ ಕೆಳತುಟಿ ಇಳಿಬಿಟ್ಟು, ಹಿಂಗಾಲೊಂದನ್ನು ಸಡಿಲಿಸಿ, ಆರಾಮಾಗಿ ಲದ್ದಿ ಹಾಕಿತು.

"ಬ್ಯಾಟರಿ ಮುಗ್ದಿದ್ಯಾ ಅಜ್ಜ?" ಎಂದಳು ಹಲ್ಲು ಡಾಕ್ಟರ ಮಗಳು.

"ಏನಿಲ್ಲ, ಅದು ಉಸಿರು ತುಂಬ್ಕೋತಾ ಇದೆ," ಎಂದಳು ಗುಬ್ಬಿ. "ಒಂದ್ಸಲ ಹೊರಟ್ರೆ ನೆರಳೂ ಸಿಗಲ್ಲ ಕಣೇ. ಅಲ್ವಾ ಅಜ್ಜ?"

"ಹೂಂ," ಎಂದ ಹತ್ತುಮೊಳ.

ಕುದುರೆಯ ನೆರಳು ಅದರ ಕಾಲಬುಡದಲ್ಲೇ ಬೆಚ್ಚಗೆ ಮಲಗಿತ್ತು.

ಅವನಿಗೆ ಆಗ ತಿಳಿಯಿತು. ಎಂಟು ತಿಂಗಳೂ ಮೇಡಂ 'ನಡಿ' ಎಂದು ಕೂಗಿದ್ದು ತನಗೆ ಅಲ್ಲ, ಕುದುರೆಗೆ. ವಾರಕ್ಕೆ ನಲವತ್ತು ಜನರನ್ನು ಹೊರುವ ಕುದುರೆ ನಲವತ್ತು ಜನರ ಕಾಲಿಗೂ ಕಿವಿಗೊಡುತ್ತ ಕೂತರೆ ಬದುಕೀತೇ? ಅದು ಒಂದೇ ಒಂದು ಗಂಟಲು ಕಲಿತು, ಬೆನ್ನ ಮೇಲಿರುವವರನ್ನು ಮರೆತುಬಿಟ್ಟಿತ್ತು. ಹತ್ತುಮೊಳ ಅದರ ಮೇಲಿದ್ದದ್ದು ಸವಾರನಾಗಿ ಅಲ್ಲ, ಮೂಟೆಯಾಗಿ.

ಇಳಿದುಬಿಡೋಣವೆಂದರೆ ಮಣೆ ಇಲ್ಲ. ಹಾರಿದರೆ ಸೊಂಟ ಇರುವುದಿಲ್ಲ. ಜೀವಮಾನದಲ್ಲಿ ಅವನು ಅಷ್ಟು ಎತ್ತರದಲ್ಲಿ ಕೂತಿರಲಿಲ್ಲ. ಅಷ್ಟು ಸಣ್ಣವನೂ ಆಗಿರಲಿಲ್ಲ. ಬೇಲಿಯ ಹತ್ತಿರ ಗುಬ್ಬಿ ತನ್ನ ಫ್ರಾಕಿನ ಕಾಲರು ಕಚ್ಚುತ್ತಿದ್ದಳು. ಅವನೇ ಹೊಲಿದ ಕಾಲರು. ಆ ಕಾಲರನ್ನೇ ಹಾಕಿಕೊಂಡು ನಾಳೆ ಕ್ಲಾಸಿನ ಮುಂದೆ ನಿಲ್ಲುತ್ತಾಳೆ.

"ಮೇಡಂ," ಎಂದ. ಲಗಾಮು ಕೈಬಿಟ್ಟ. ಮತ್ತೆ ಕೂಗಿದ: "ಮೇಡಂ, ನೀವೇ ಒಂದು ಮಾತು ಹೇಳ್ಬಿಡಿ."

ಮೇಡಂ ಕೂತಲ್ಲಿಂದಲೇ, ಪಕ್ಕದ ಮನೆಯವರನ್ನು ಕರೆಯುವಷ್ಟೇ ದನಿಯಲ್ಲಿ, "ಅತ್ತೇ, ನಡಿ," ಎಂದಳು.

ಕುದುರೆ ನಡೆಯಿತು.

ಹಲ್ಲು ಡಾಕ್ಟರ ಮಗಳು ಟೋಪಿ ತೆಗೆದಳು. ಗುಬ್ಬಿ ಕಾಲರು ಬಿಟ್ಟಳು. ಕುದುರೆ ಬೇಲಿಗುಂಟ ಸುತ್ತು ಹೊಡೆಯತೊಡಗಿತು. ಮಕ್ಕಳ ಮುಂದೆ ಹಾದುಹೋಗಲು ಸಿಗುತ್ತಿದ್ದದ್ದು ಮೂರು ಹೆಜ್ಜೆಯ ಹೊತ್ತು. ಆಮೇಲೆ ಏನು ಹೇಳಬೇಕಿದ್ದರೂ ಒಂದು ಪೂರ್ತಿ ಸುತ್ತು ಕಾಯಬೇಕು.

"ಕುದುರೆ ನಂದಲ್ಲ ಪುಟ್ಟಾ," ಎಂದ ಹತ್ತುಮೊಳ, ಮತ್ತು ದೂರವಾದ.

ಮುಂದಿನ ಸುತ್ತಿಗೆ: "ಇದರ ಹೆಸರು ಬಿರುಗಾಳಿ ಅಲ್ಲ. ಅತ್ತೆ. ಯಾರ ಮಾತೂ ಕೇಳಲ್ಲ ಅಂತ ಹಾಗೆ ಕರೀತಾರೆ."

ಮೂರನೇ ಸುತ್ತಿಗೆ: "ವಾರಕ್ಕೆ ಅರ್ಧ ಗಂಟೆ ಕಲಿಯೋಕೆ ಬರ್ತೀನಿ. ಪ್ಯಾಂಟು ಹೊಲಿದು ಕೊಟ್ಟಿದ್ದಕ್ಕೆ."

ಗುಬ್ಬಿ ಬೇಲಿಗುಂಟ ಜತೆಗೆ ನಡೆಯತೊಡಗಿದಳು. ಈಗ ಅವಳ ಮಾತಿನಿಂದ ತಪ್ಪಿಸಿಕೊಳ್ಳಲು ಅವನಿಗೆ ದಾರಿಯಿರಲಿಲ್ಲ. ಕುದುರೆಗಿಂತ ಅವಳೇ ಜೋರಾಗಿ ನಡೆಯುತ್ತಿದ್ದಳು. ಆಗಾಗ ನಿಂತು ಕಾಯಬೇಕಾಗುತ್ತಿತ್ತು.

"ಓಡತ್ತಾದ್ರೂ ಓಡತ್ತಾ?"

"ಇಲ್ಲ. ಇಷ್ಟೇ."

"ಮತ್ತೆ ನೆರಳು?"

"ಜತೇಲೇ ಬರತ್ತೆ."

"ನಾಳೆ ನಾನೇನು ಹೇಳ್ಲಿ?"

"ನಾನೇ ಬರ್ತೀನಿ. ನಿಮ್ಮ ಮಿಸ್ ಮುಂದೆ ನಿಂತು, ಸುಳ್ಳ ನಾನು ಅಂತ ಹೇಳ್ತೀನಿ."

"ಬೇಡ," ಎಂದಳು ಗುಬ್ಬಿ. "ನೀನು ಬಂದ್ರೆ ಅಲ್ಲೂ ಹತ್ತು ಮೊಳ ಸೇರಿಸ್ತೀಯ." ಬೀದಿಯವರಿಟ್ಟ ಆ ಹೆಸರನ್ನು ಅವಳು ಅದುವರೆಗೆ ಒಮ್ಮೆಯೂ ಅವನೆದುರು ಎತ್ತಿರಲಿಲ್ಲ. ಬೇಲಿಯ ಮೂಲೆ ಬಂತು, ಅವಳು ನಿಂತುಬಿಟ್ಟಳು. ಮುಖ ಬೇರೆ ಕಡೆ ತಿರುಗಿಸಿ, "ಕುದುರೆ ನಿಲ್ಸಿ ಇಳಿದು ಬಾ ಅಜ್ಜ. ಮನೆಗೆ ಹೋಗೋಣ," ಎಂದಳು.

ಅಷ್ಟರಲ್ಲಿ ಅತ್ತೆ ಮೂಲೆ ತಿರುಗಿಯಾಗಿತ್ತು. ಹತ್ತುಮೊಳ ಜೀನು ಹಿಡಿದುಕೊಂಡು, ಕತ್ತು ತಿರುಗಿಸಿ, ಒಂದು ನೂಲೂ ಹೆಚ್ಚಿಸದೆ ಹೇಳಿದ:

"ನಿಲ್ಲಿಸೋದೂ ನಂಗೆ ಬರಲ್ಲ ಪುಟ್ಟಾ."